ವೇಗ ಕೇಳುವ ಬೆಲೆ: ಇ-ಸೈಕಲ್ಲಿನ ಬ್ಯಾಟರಿ ಲೆಕ್ಕ

ಸಾಧಾರಣ ಸೈಕಲ್ಲಿಗೆ ಮೋಟರ್ ಕೂರಿಸಿ ಇ-ಸೈಕಲ್ ಮಾಡುವಾಗ ಖರ್ಚಿನ ದೊಡ್ಡ ಪಾಲು ಬ್ಯಾಟರಿಗೆ ಹೋಗುತ್ತದೆ. ಮೋಟರು, ಕಂಟ್ರೋಲರ್, ವೈರಿಂಗ್ ಇವೆಲ್ಲ ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಾಳುತ್ತವೆ. ಬ್ಯಾಟರಿ ಹಾಗಲ್ಲ, ಪ್ರತಿ ಚಾರ್ಜಿಗೂ ಒಂದಿಷ್ಟು ಸವೆದು, ಕೆಲವು ವರ್ಷಗಳಲ್ಲಿ ಹೊಸದನ್ನು ಕೇಳುತ್ತದೆ. ಎಷ್ಟು ದೊಡ್ಡ ಬ್ಯಾಟರಿ ಬೇಕು ಎಂಬುದನ್ನು ತೀರ್ಮಾನಿಸುವ ಅಂಶಗಳು ಮುಖ್ಯವಾಗಿ ಎರಡು: ಹೋಗಬೇಕಾದ ದೂರ ಮತ್ತು ಹೋಗುವ ವೇಗ. ದೂರ ಎರಡು ಪಟ್ಟಾದರೆ ಬ್ಯಾಟರಿಯೂ ಎರಡು ಪಟ್ಟಾಗಬೇಕು, ಅಲ್ಲಿಗೆ ಮುಗಿಯಿತು. ವೇಗದ ಲೆಕ್ಕ ಅಷ್ಟು ಸರಳವಲ್ಲ. ಗಂಟೆಗೆ 25 ಕಿಲೋಮೀಟರಿನಿಂದ 45ಕ್ಕೆ ಏರಿದರೆ ವೇಗ ಎರಡು ಪಟ್ಟೂ ಆಗಿರುವುದಿಲ್ಲ, ಆದರೆ ಅಷ್ಟೇ ದೂರಕ್ಕೆ ಬೇಕಾಗುವ ಬ್ಯಾಟರಿ ಎರಡೂವರೆ ಪಟ್ಟಾಗಿರುತ್ತದೆ. ಇ-ಸೈಕಲ್ ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಸ್ಪೀಡ್ ಎಷ್ಟು ಎಂದು. ದಿನಕ್ಕೆ ಎಷ್ಟು ದೂರ ಓಡಬೇಕು, ನಡುವೆ ಎಲ್ಲಿ ಚಾರ್ಜ್ ಮಾಡಬಹುದು ಎಂಬುದನ್ನು ಮೊದಲು ಕೇಳಿಕೊಂಡರೆ ಅರ್ಧ ಹಣ ಉಳಿಯುತ್ತದೆ.

ಸಪಾಟು ರಸ್ತೆಯಲ್ಲಿ ಸೈಕಲ್ಲನ್ನು ತಡೆಯುವ ಬಲಗಳು ಎರಡು. ಟಯರು ಉರುಳುವಾಗಿನ ತಡೆ ಹೊತ್ತ ಭಾರಕ್ಕೆ ತಕ್ಕಂತೆ ಇರುತ್ತದೆ, ವೇಗ ಹೆಚ್ಚಿದರೂ ಅಷ್ಟಾಗಿ ಬದಲಾಗುವುದಿಲ್ಲ. ಗಾಳಿಯ ತಡೆ ಮಾತ್ರ ವೇಗದ ವರ್ಗದಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಅದನ್ನು ಮೀರಲು ಪ್ರತಿ ಕ್ಷಣ ಬೇಕಾಗುವ ಶಕ್ತಿ ಎಂಟು ಪಟ್ಟು. ಸೈಕಲ್ ಮೇಲೆ ನೆಟ್ಟಗೆ ಕೂತ ಮನುಷ್ಯ ಗಾಳಿಗೆ ಒಡ್ಡುವ ಮೈ ದೊಡ್ಡದು, ಅದಕ್ಕೆ ಕಾರಿನ ನುಣುಪೂ ಇಲ್ಲ. ಹೀಗಾಗಿ ಗಂಟೆಗೆ 20 ಕಿಲೋಮೀಟರ್ ದಾಟಿತೆಂದರೆ ಬ್ಯಾಟರಿಯ ಬಹುಪಾಲು ಶಕ್ತಿ ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ.

ಇದನ್ನು ಅಂಕಿಗಳಲ್ಲಿ ನೋಡಬಹುದು. ಸವಾರ, ಸೈಕಲ್, ಚೀಲ ಎಲ್ಲ ಸೇರಿ 100 ಕಿಲೋ ತೂಕ, ಗಾಳಿಯಿಲ್ಲದ ದಿನ, ಸಪಾಟಾದ ಡಾಂಬರು ರಸ್ತೆ, ಪೆಡಲ್ ತುಳಿಯದೆ ಮೋಟರಿನಿಂದಲೇ ಓಟ, ಬ್ಯಾಟರಿಯಿಂದ ಹೊರಟ ಶಕ್ತಿಯಲ್ಲಿ ನೂರಕ್ಕೆ 80ರಷ್ಟು ಚಕ್ರಕ್ಕೆ ತಲುಪುತ್ತದೆ ಎಂದು ಇಟ್ಟುಕೊಂಡರೆ, ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಪ್ರತಿ ಕಿಲೋಮೀಟರಿಗೆ ಸುಮಾರು 5 ವ್ಯಾಟ್-ಅವರ್ ಸಾಕು. 25ರಲ್ಲಿ ಅದು 8ಕ್ಕೆ ಏರುತ್ತದೆ. 35ರಲ್ಲಿ ಹದಿಮೂರೂವರೆ, 45ರಲ್ಲಿ 20ಕ್ಕೂ ಹೆಚ್ಚು. ಪೂರ್ತಿ ಚಾರ್ಜಾದ 500 ವ್ಯಾಟ್-ಅವರ್ ಬ್ಯಾಟರಿಯಲ್ಲಿ ತಳ ಕಾಣದಂತೆ 450 ಬಳಸಬಹುದೆಂದುಕೊಂಡರೆ, ಅದೇ ಬ್ಯಾಟರಿ 25ರ ವೇಗದಲ್ಲಿ 55 ಕಿಲೋಮೀಟರ್ ಒಯ್ಯುತ್ತದೆ, 35ರಲ್ಲಿ 33, 45ರಲ್ಲಿ ಬರೀ 22. ಮಾರಾಟದ ಕರಪತ್ರಗಳಲ್ಲಿ ಗರಿಷ್ಠ ವೇಗ, ಗರಿಷ್ಠ ದೂರ ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕಿರುತ್ತಾರೆ. ಆ ಎರಡೂ ಒಂದೇ ಓಟದಲ್ಲಿ ಸಿಗುವಂಥವಲ್ಲ ಎಂಬುದನ್ನು ಕೊಳ್ಳುವವರು ನೆನಪಿಡಬೇಕು.

ಸವಾರ ಪೆಡಲ್ ತುಳಿದರೆ ಚಿತ್ರ ಬೇರೆಯಾಗುತ್ತದೆ. ಆರೋಗ್ಯವಂತ ಮನುಷ್ಯ ದಣಿಯದೆ ಬಹಳ ಹೊತ್ತು 70 ವ್ಯಾಟ್‌ನಷ್ಟು ಶಕ್ತಿ ಕೊಡಬಲ್ಲ. 25ರ ವೇಗಕ್ಕೆ ಚಕ್ರದಲ್ಲಿ ಬೇಕಾದದ್ದು ಸುಮಾರು 165 ವ್ಯಾಟ್; ಅದರಲ್ಲಿ 70 ಕಾಲಿನಿಂದ ಬಂದರೆ ಬ್ಯಾಟರಿಯ ಖರ್ಚು ಕಿಲೋಮೀಟರಿಗೆ 5 ವ್ಯಾಟ್-ಅವರ್‌ಗಿಂತ ಕೆಳಗಿಳಿದು, 55 ಕಿಲೋಮೀಟರ್ ಹೋಗುತ್ತಿದ್ದ ಬ್ಯಾಟರಿ 90 ದಾಟುತ್ತದೆ. ಅದೇ 70 ವ್ಯಾಟ್ 45ರ ವೇಗದಲ್ಲಿ ಲೆಕ್ಕಕ್ಕೇ ಬಾರದು. ಅಲ್ಲಿ ಚಕ್ರಕ್ಕೆ ಬೇಕಾದದ್ದು 740 ವ್ಯಾಟ್. ವೇಗ ಹೆಚ್ಚಿದಷ್ಟೂ ಸವಾರನ ಕಾಲಿನ ಪಾಲು ಕರಗುತ್ತದೆ, ಇ-ಸೈಕಲ್ ಹೆಸರಿಗಷ್ಟೇ ಸೈಕಲ್ ಆಗಿ ಉಳಿಯುತ್ತದೆ.

ಊರೂ ಈ ಲೆಕ್ಕದಲ್ಲಿ ಸೇರುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನ ಗಾಳಿ ಮಂಗಳೂರಿನ ಗಾಳಿಗಿಂತ ನೂರಕ್ಕೆ ಎಂಟು-ಹತ್ತರಷ್ಟು ತೆಳು, ತಡೆಯೂ ಅಷ್ಟೇ ಕಡಿಮೆ. ಆದರೆ ಈ ಲಾಭವನ್ನು ಬೆಂಗಳೂರಿನ ಸಿಗ್ನಲ್ಲುಗಳೂ ಹಂಪುಗಳೂ ಕಸಿದುಕೊಳ್ಳುತ್ತವೆ. 100 ಕಿಲೋ ಭಾರವನ್ನು ನಿಂತಲ್ಲಿಂದ 25ರ ವೇಗಕ್ಕೆ ತರಲು ಬ್ಯಾಟರಿಗೆ ಸುಮಾರು 1 ವ್ಯಾಟ್-ಅವರ್ ಖರ್ಚು, 45ಕ್ಕೆ ತರಲು 3. ಕಿಲೋಮೀಟರಿಗೆ ಮೂರು ಸಲ ನಿಂತು ಹೊರಡಬೇಕಾದ ರಸ್ತೆಯಲ್ಲಿ ವೇಗದ ಸವಾರ ಇದಕ್ಕೇ 9 ವ್ಯಾಟ್-ಅವರ್ ತೆತ್ತು, ಅದನ್ನೆಲ್ಲ ಬ್ರೇಕಿನ ಬಿಸಿಯಾಗಿ ಕಳೆಯುತ್ತಾನೆ. ಬಯಲುಸೀಮೆಯಲ್ಲಿ ಬೇರೆಯದೇ ತಾಪತ್ರಯ. ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವ ಚಿತ್ರದುರ್ಗ, ಗದಗ ಭಾಗದಲ್ಲಿ ಆಷಾಢದ ಎದುರುಗಾಳಿ ಗಂಟೆಗೆ 10 ಕಿಲೋಮೀಟರ್ ಇದ್ದರೂ ಸಾಕು, 25ರ ವೇಗದಲ್ಲಿ ಹೋಗುವವನಿಗೆ 35ರಲ್ಲಿ ಹೋದಷ್ಟೇ ಖರ್ಚು ಬೀಳುತ್ತದೆ.

ಏರುರಸ್ತೆಯಲ್ಲಿ ಗಾಳಿ ಹಿಂದೆ ಸರಿದು ತೂಕ ಮುಂದೆ ಬರುತ್ತದೆ. 100 ಕಿಲೋ ಭಾರವನ್ನು 100 ಮೀಟರ್ ಮೇಲೆತ್ತಲು 27 ವ್ಯಾಟ್-ಅವರ್ ಬೇಕು. ನಿಧಾನಗತಿಯಲ್ಲಿ ಮೋಟರಿನ ದಕ್ಷತೆ ಕುಸಿಯುವುದರಿಂದ ಬ್ಯಾಟರಿಯಿಂದ ಹೊರಡುವುದು 40ರ ಹತ್ತಿರ. ನಂದಿಬೆಟ್ಟದಂಥ ಕಡೆ ಬುಡದಿಂದ ತುದಿಗೆ ಅರ್ಧ ಕಿಲೋಮೀಟರಿನಷ್ಟು ಎತ್ತರ ಏರಬೇಕಾದರೆ, ಎತ್ತರಕ್ಕೆಂದೇ 200 ವ್ಯಾಟ್-ಅವರ್ ಎತ್ತಿಡಬೇಕು. ಹತ್ತುವಾಗ ಮುಖ್ಯವಾಗುವುದು ಮೋಟರಿನ ಬಗೆ.

ಚಕ್ರದ ನಡುವೆಯೇ ಮೋಟರನ್ನು ಕೂರಿಸುವ ಉಪಾಯ ಹೊಸದೇನಲ್ಲ. ಅಮೆರಿಕದ ಆಗ್ಡೆನ್ ಬೋಲ್ಟನ್ ಎಂಬಾತ 1895ರ ಡಿಸೆಂಬರ್ 31ರಂದು ಪಡೆದ ಪೇಟೆಂಟಿನಲ್ಲಿ ಹಿಂಚಕ್ರದೊಳಗಿನ ಮೋಟರೂ ಫ್ರೇಮಿನ ನಡುವೆ ತೂಗುವ 10 ವೋಲ್ಟ್ ಬ್ಯಾಟರಿಯೂ ಇವೆ. ಆ ಮೋಟರಿಗೆ 100 ಆಂಪಿಯರ್ ತನಕ ಕರೆಂಟ್ ಬೇಕಿತ್ತು. ಅದನ್ನು ಹೊತ್ತು ದೂರ ಸಾಗಬಲ್ಲ ಬ್ಯಾಟರಿ ಆ ಕಾಲದಲ್ಲಿ ಇರಲಿಲ್ಲ. ಹೀಗೆ ಚಕ್ರದ ನಡುವೆ ಕೂರುವ, ಇಂದು ಸಿಗುವ ಹಬ್ ಮೋಟರ್‌ಗಳಲ್ಲಿ ಎರಡು ಜಾತಿ. ಒಳಗೆ ಹಲ್ಲುಚಕ್ರಗಳಿರುವ ಗೇರ್ ಹಬ್ ಹಗುರ. ನಿಧಾನದ ವೇಗದಲ್ಲೂ ಎಳೆಯುತ್ತದೆ, ಕರೆಂಟ್ ನಿಲ್ಲಿಸಿದರೆ ತಡೆಯಿಲ್ಲದೆ ಉರುಳುತ್ತದೆ. ಗೇರಿಲ್ಲದ ನೇರ ಹಬ್ ಭಾರ ಜಾಸ್ತಿ, ಆದರೆ ಸವೆಯುವ ಭಾಗ ಕಡಿಮೆ. ಬ್ರೇಕ್ ಹಿಡಿದಾಗ ಒಂದಿಷ್ಟು ಕರೆಂಟನ್ನು ಬ್ಯಾಟರಿಗೆ ಮರಳಿಸಲೂಬಲ್ಲದು. ಹೀಗೆ ಮರಳುವ ಶಕ್ತಿ ಕಾರಿನಲ್ಲಿ ದೊಡ್ಡದಾದರೂ ಸೈಕಲ್ಲಿನಲ್ಲಿ ಅಲ್ಪ, ಏಕೆಂದರೆ ಇಲ್ಲಿ ಹೆಚ್ಚು ಶಕ್ತಿಯನ್ನು ಗಾಳಿ ಆಗಲೇ ತಿಂದುಬಿಟ್ಟಿರುತ್ತದೆ. ಪೆಡಲಿನ ಜಾಗದಲ್ಲಿ ಕೂತು ಸೈಕಲ್ಲಿನ ಚೈನನ್ನೇ ಎಳೆಯುವ ಮೂರನೆಯ ಬಗೆಯ ಮೋಟರಿಗೆ ಸೈಕಲ್ಲಿನ ಗೇರುಗಳ ನೆರವು ಸಿಗುತ್ತದೆ. ಮಡಿಕೇರಿ, ಚಿಕ್ಕಮಗಳೂರಿನಂಥ ಏರುತಗ್ಗಿನ ಊರುಗಳಿಗೆ ಹೇಳಿಮಾಡಿಸಿದ್ದು ಇದೇ. ಬೆಲೆ ಹೆಚ್ಚು, ಚೈನು, ಸ್ಪ್ರಾಕೆಟ್ ಬೇಗ ಸವೆಯುತ್ತವೆ.

ಇನ್ನು ಬ್ಯಾಟರಿಯ ಒಳಗಿನ ಮಾತು. ಬ್ಯಾಟರಿ ಹಿಡಿಯುವ ಶಕ್ತಿಯನ್ನು ಅಳೆಯಬೇಕಾದದ್ದು ವ್ಯಾಟ್-ಅವರ್‌ನಲ್ಲಿ. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ಅದು ಸಿಗುತ್ತದೆ. 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿ ಎಂದರೆ 360 ವ್ಯಾಟ್-ಅವರ್. ಇಂಥ ಸಾವಿರ ವ್ಯಾಟ್-ಅವರ್ ಸೇರಿದರೆ ಕರೆಂಟ್ ಬಿಲ್ಲಿನ ಒಂದು ಯೂನಿಟ್. ಅಂಗಡಿಯಲ್ಲಿ ಬರೀ ಆಂಪಿಯರ್-ಅವರ್ ಹೇಳಿ ಎರಡು ಬ್ಯಾಟರಿಗಳನ್ನು ಹೋಲಿಸಿದರೆ ಅದಕ್ಕೆ ಅರ್ಥವಿಲ್ಲ: 48 ವೋಲ್ಟಿನ 10 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 36 ವೋಲ್ಟಿನದಕ್ಕಿಂತ ಮೂರನೇ ಒಂದು ಭಾಗ ಹೆಚ್ಚು ಶಕ್ತಿ ಇರುತ್ತದೆ, ಬೆಲೆಯೂ ಹೆಚ್ಚೇ ಇರುತ್ತದೆ. ವೋಲ್ಟ್ ಏರಿಸಿದರೆ ಅದೇ ಮೋಟರು ವೇಗವಾಗಿ ತಿರುಗುತ್ತದೆ, ಕರೆಂಟ್ ಏರಿಸಿದರೆ ಬಲವಾಗಿ ಎಳೆಯುತ್ತದೆ. ಎರಡಕ್ಕೂ ಮಿತಿ ಹಾಕುವುದು ಕಂಟ್ರೋಲರ್.

ಪ್ಯಾಕಿನೊಳಗೆ ಇರುವುದು ಸಾಮಾನ್ಯವಾಗಿ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಲಿಥಿಯಂ ಸೆಲ್‌ಗಳು. ಒಂದೊಂದರ ವೋಲ್ಟೇಜ್ 3.6. ಹತ್ತನ್ನು ಸಾಲಾಗಿ ಜೋಡಿಸಿದರೆ 36 ವೋಲ್ಟ್; ಎರಡೂವರೆ ಆಂಪಿಯರ್-ಅವರ್‌ನ ನಾಲ್ಕು ಸೆಲ್‌ಗಳನ್ನು ಪಕ್ಕಪಕ್ಕ ಜೋಡಿಸಿದರೆ 10 ಆಂಪಿಯರ್-ಅವರ್; ಒಟ್ಟು 40 ಸೆಲ್. ಪಕ್ಕಪಕ್ಕದ ಜೋಡಣೆಯಿಂದ ದೂರ ಹೆಚ್ಚುವುದು ಎಲ್ಲರಿಗೂ ಗೊತ್ತು, ಆಯಸ್ಸೂ ಹೆಚ್ಚುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ತೇರಿನ ಹಗ್ಗಕ್ಕೆ ಕೈ ಹೆಚ್ಚಿದಷ್ಟೂ ಒಬ್ಬೊಬ್ಬರ ಮೇಲಿನ ಹೊರೆ ಇಳಿಯುವಂತೆ, ಪಕ್ಕಪಕ್ಕದ ಸೆಲ್‌ಗಳು ಹೆಚ್ಚಿದಷ್ಟೂ ಒಂದೊಂದು ಸೆಲ್ ಕೊಡಬೇಕಾದ ಕರೆಂಟ್ ಇಳಿಯುತ್ತದೆ. ಸೆಲ್ಲಿನೊಳಗೆ ಹುಟ್ಟುವ ಬಿಸಿ ಕರೆಂಟಿನ ವರ್ಗದಂತೆ ಏರುವುದರಿಂದ ಈ ವ್ಯತ್ಯಾಸ ಸಣ್ಣದಲ್ಲ. ಮೇಲಿನ 36 ವೋಲ್ಟ್ ಪ್ಯಾಕಿನಿಂದ 25ರ ವೇಗಕ್ಕೆ ಸುಮಾರು 6 ಆಂಪಿಯರ್ ಸಾಕು, 45ರ ವೇಗಕ್ಕೆ 26 ಬೇಕು. ಕರೆಂಟ್ ನಾಲ್ಕೂವರೆ ಪಟ್ಟಾದರೆ ಒಳಗಿನ ಬಿಸಿ 20 ಪಟ್ಟು. ಚಿಕ್ಕ ಪ್ಯಾಕಿನಿಂದ ಹೆಚ್ಚು ವೇಗ ಹಿಂಡುವವರ ಬ್ಯಾಟರಿ ಒಂದೆರಡು ವರ್ಷದಲ್ಲೇ ಕೈಕೊಡುವುದಕ್ಕೆ ಮುಖ್ಯ ಕಾರಣ ಇದು. ಹೆಚ್ಚು ಶಕ್ತಿ ತುಂಬಿಕೊಳ್ಳುವ ಸೆಲ್‌ಗಳು ಸಾಮಾನ್ಯವಾಗಿ ಹೆಚ್ಚು ಕರೆಂಟ್ ಕೊಡಲಾರವು ಎಂಬುದೂ ಇಲ್ಲಿ ನೆನಪಿಡಬೇಕಾದ ಸಂಗತಿ.

ರಸಾಯನದ ಆಯ್ಕೆಯಲ್ಲಿ ಸೀಸದ ಬ್ಯಾಟರಿಯ ಕಾಲ ಮುಗಿದಂತೆಯೇ. 48 ವೋಲ್ಟಿಗೆ ನಾಲ್ಕು ಬ್ಯಾಟರಿ ಕಟ್ಟಿದರೆ 16 ಕಿಲೋದಷ್ಟು ಭಾರ. ಕರೆಂಟನ್ನು ಬೇಗ ಎಳೆದರೆ ಬರೆದಿರುವ ಆಂಪಿಯರ್-ಅವರ್ ಸಿಗದು. ಪೂರ್ತಿ ಬರಿದು ಮಾಡುತ್ತಿದ್ದರೆ ಕೆಲವು ನೂರು ಚಾರ್ಜಿಗೆ ಸತ್ತುಹೋಗುತ್ತದೆ. ಕೊಳ್ಳುವ ದಿನ ಅಗ್ಗ, ಲೆಕ್ಕ ಮುಗಿಸುವ ದಿನ ದುಬಾರಿ. ಉಳಿದದ್ದು ಲಿಥಿಯಂನ ಎರಡು ಬಗೆ. ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಸೇರಿದ ಎನ್‌ಎಂಸಿ ಹಗುರ, ಸಣ್ಣ ಜಾಗದಲ್ಲಿ ಹೆಚ್ಚು ಶಕ್ತಿ ಹಿಡಿಯುತ್ತದೆ. 500ರಿಂದ 1,000 ಪೂರ್ಣ ಚಾರ್ಜುಗಳ ಹೊತ್ತಿಗೆ ಅದರ ಸಾಮರ್ಥ್ಯ ನೂರಕ್ಕೆ 80ಕ್ಕೆ ಇಳಿಯುತ್ತದೆ. ಲಿಥಿಯಂ ಕಬ್ಬಿಣದ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ, ಅಷ್ಟೇ ಶಕ್ತಿಗೆ ಹೆಚ್ಚು ತೂಗುತ್ತದೆ, ಹೆಚ್ಚು ಜಾಗ ಕೇಳುತ್ತದೆ. ಆದರೆ 2,000 ಚಾರ್ಜುಗಳನ್ನು ದಾಟುತ್ತದೆ, ಬಿಸಿಯನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ಬೆಂಕಿಯ ಅಪಾಯವೂ ಕಡಿಮೆ. ಬ್ಯಾಟರಿಗೆ ಈ ವಸ್ತು ಒದಗುತ್ತದೆ ಎಂದು 1997ರಲ್ಲಿ ತೋರಿಸಿಕೊಟ್ಟ ಪ್ರಬಂಧ ಟೆಕ್ಸಾಸ್ ವಿಶ್ವವಿದ್ಯಾಲಯದ್ದು. ಮುಂದೆ 2019ರಲ್ಲಿ ನೊಬೆಲ್ ಪಡೆದ ಜಾನ್ ಗುಡ್‌ಇನಫ್ ಜತೆಗೆ ಅದರ ಲೇಖಕರಾಗಿದ್ದವರು ಎ.ಕೆ. ಪಾಧಿ ಮತ್ತು ಕೆ.ಎಸ್. ನಂಜುಂಡಸ್ವಾಮಿ. ರಾಯಚೂರು, ಕಲಬುರಗಿಯಂತೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರುಗಳಲ್ಲಿ ಒಂದೆರಡು ಕಿಲೋ ಹೆಚ್ಚು ಹೊತ್ತರೂ ಎಲ್‌ಎಫ್‌ಪಿಯೇ ಜಾಣತನದ ಆಯ್ಕೆ.

ಬೆಲೆಯ ವಿಷಯ. ಬ್ಲೂಂಬರ್ಗ್ ಎನ್‌ಇಎಫ್ ಸಂಸ್ಥೆಯ ಸಮೀಕ್ಷೆಯಂತೆ 2010ರಲ್ಲಿ ಯೂನಿಟ್ ಸಾಮರ್ಥ್ಯಕ್ಕೆ ಸಾವಿರ ಡಾಲರ್ ಮೀರಿದ್ದ ಲಿಥಿಯಂ ಪ್ಯಾಕಿನ ಜಾಗತಿಕ ಸರಾಸರಿ ದರ 2024ರಲ್ಲಿ 115 ಡಾಲರಿಗೆ ಇಳಿದಿತ್ತು. ಇದು ಕಾರು ಕಂಪನಿಗಳಂಥ ದೊಡ್ಡ ಗಿರಾಕಿಗಳ ದರ. ಸೈಕಲ್ಲಿನ ಪುಟ್ಟ ಪ್ಯಾಕಿಗೆ ಡಬ್ಬಿ, ರಕ್ಷಣಾ ಸರ್ಕ್ಯೂಟ್, ಜೋಡಣೆಯ ಕೂಲಿ, ತೆರಿಗೆ, ಅಂಗಡಿಯ ಲಾಭ ಎಲ್ಲ ಸೇರಿ ಹಲವು ಪಟ್ಟಾಗುತ್ತದೆ. ಲೆಕ್ಕಕ್ಕೆ ಯೂನಿಟ್ ಸಾಮರ್ಥ್ಯಕ್ಕೆ 25,000 ರೂಪಾಯಿ ಎಂದು ಇಟ್ಟುಕೊಂಡರೆ 360 ವ್ಯಾಟ್-ಅವರ್ ಪ್ಯಾಕಿಗೆ 9,000 ರೂಪಾಯಿ. 600 ಚಾರ್ಜು ಬಂದರೆ, ಸಾಮರ್ಥ್ಯ ಕುಗ್ಗುವುದನ್ನೂ ಕಳೆದು, 25ರ ವೇಗದಲ್ಲಿ ಅದು ಬಾಳಿನುದ್ದಕ್ಕೂ 21,000 ಕಿಲೋಮೀಟರ್ ಓಡುತ್ತದೆ: ಕಿಲೋಮೀಟರಿಗೆ 43 ಪೈಸೆ. 45ರ ವೇಗದಲ್ಲಿ ಎಂಟೂವರೆ ಸಾವಿರ ಕಿಲೋಮೀಟರಿಗೇ ಮುಗಿಯುತ್ತದೆ: ಕಿಲೋಮೀಟರಿಗೆ ಒಂದು ರೂಪಾಯಿಗೂ ಹೆಚ್ಚು. ಬಿಸಿಗೆ ಬೇಗ ಸವೆಯುವುದನ್ನು ಇದರಲ್ಲಿ ಸೇರಿಸಿಲ್ಲ. ಕರೆಂಟಿನ ಖರ್ಚಾದರೋ, ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ ಕಿಲೋಮೀಟರಿಗೆ 7 ಪೈಸೆ. ಇ-ಸೈಕಲ್ಲಿಗೆ ನಿಜವಾದ ಇಂಧನ ಬ್ಯಾಟರಿಯ ಆಯಸ್ಸು; ಕರೆಂಟ್ ಬಿಲ್ಲಿನಲ್ಲಿ ಉಳಿತಾಯ ಹುಡುಕುವುದು ವ್ಯರ್ಥ.

ಕಾನೂನೂ ಈ ಲೆಕ್ಕಾಚಾರದ ಒಂದು ಕಡೆ ನಿಂತಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟರಿನ ಅರ್ಧ ಗಂಟೆಯ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ 25 ಕಿಲೋಮೀಟರಿಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದ, ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಪಡೆದ ಮಾದರಿಯನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಅದಕ್ಕೆ ನೋಂದಣಿ ಬೇಡ, ಚಾಲನಾ ಪರವಾನಗಿ ಬೇಡ. ಇದನ್ನು ದಾಟಿದರೆ ಅದು ಸ್ಕೂಟರ್, ಬೈಕುಗಳ ಸಾಲಿಗೆ ಸೇರುತ್ತದೆ. ಯುರೋಪಿನಲ್ಲೂ ಪೆಡಲ್ ನೆರವಿನ ಸೈಕಲ್ಲಿಗೆ 250 ವ್ಯಾಟ್, 25 ಕಿಲೋಮೀಟರ್ ಎಂಬ ಇದೇ ಗೆರೆ. ಗಾಳಿಯ ತಡೆ ಕಡಿದಾಗಿ ಏರತೊಡಗುವುದೂ ಇಲ್ಲಿಂದಲೇ ಆದ್ದರಿಂದ, ಈ ನಿಯಮವನ್ನು ಪಾಲಿಸುವವರಿಗೆ ನಷ್ಟವೇನೂ ಇಲ್ಲ.

ಒಂದು ನಿಜವಾದ ದಾರಿಯನ್ನು ತೆಗೆದುಕೊಂಡು ಇವನ್ನೆಲ್ಲ ಕೂಡಿಸಿ ನೋಡಬಹುದು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್. ದಿನಾ ಹೋಗಿಬರುವವರಿಗೆ 40. ಮೋಟರಿನಿಂದಲೇ 25ರ ವೇಗದಲ್ಲಿ ಹೋದರೆ 330 ವ್ಯಾಟ್-ಅವರ್. ಏರುತಗ್ಗು, ಗಾಳಿ, ಸಿಗ್ನಲ್ಲುಗಳಿಗೆಂದು ಕಾಲು ಭಾಗ ಸೇರಿಸಿದರೆ 410. ಬ್ಯಾಟರಿ ಹಳತಾಗಿ ಐದರಲ್ಲಿ ಒಂದು ಪಾಲು ಕುಗ್ಗಿದ ಮೇಲೂ ತಳ ಕಾಣದೆ ಮನೆ ಮುಟ್ಟಿಸಬೇಕಾದರೆ ಕೊಳ್ಳುವ ದಿನ ಅದು 570 ವ್ಯಾಟ್-ಅವರ್ ಇರಬೇಕು. ಬೆಲೆ ಹದಿನಾಲ್ಕು ಸಾವಿರ ರೂಪಾಯಿ ಚಿಲ್ಲರೆ. ಇದೇ ದಾರಿಯನ್ನು 45ರಲ್ಲಿ ಓಡಲು 1,400 ವ್ಯಾಟ್-ಅವರ್ ಮೀರಬೇಕು, 35,000 ರೂಪಾಯಿ. ಹೆಚ್ಚಿಗೆ ಕೊಟ್ಟ 21,000ಕ್ಕೆ ಸಿಗುವುದು ಒಂದು ಕಡೆಗೆ ಹೆಚ್ಚೆಂದರೆ 21 ನಿಮಿಷ, ಅದೂ ರಸ್ತೆ ಪೂರ್ತಿ ಖಾಲಿಯಿದ್ದರೆ. ಕೆಲಸದ ಜಾಗದಲ್ಲಿ ಚಾರ್ಜ್ ಮಾಡಲು ಒಪ್ಪಿಗೆ ಸಿಕ್ಕರೆ ಲೆಕ್ಕ ಇನ್ನೊಂದು ಕಡೆಗೆ ವಾಲುತ್ತದೆ. ಆಗ 36 ವೋಲ್ಟ್, 10 ಆಂಪಿಯರ್-ಅವರ್ ಪ್ಯಾಕ್ ಧಾರಾಳ. 2 ಆಂಪಿಯರ್ ಚಾರ್ಜರಿನಲ್ಲಿ ಪೂರ್ತಿ ಬರಿದಾಗಿದ್ದರೂ ಐದಾರು ಗಂಟೆಗೆ ತುಂಬುತ್ತದೆ. ದೂರವನ್ನು ಹೆಚ್ಚಿಸಲು ಇರುವ ಅತಿ ಅಗ್ಗದ ದಾರಿ ಕಚೇರಿಯ ಮೇಜಿನ ಕೆಳಗಿಡುವ ಎರಡನೆಯ ಚಾರ್ಜರ್. ಟಯರಿಗೆ ಸರಿಯಾಗಿ ಗಾಳಿ ತುಂಬಿಸುವುದು ಅದಕ್ಕಿಂತಲೂ ಅಗ್ಗ.

ಹಣ ಉಳಿಸಬಾರದ ಜಾಗವೂ ಒಂದಿದೆ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳಿಂದ ಕಿತ್ತ ಸೆಲ್‌ಗಳನ್ನು ಹೊಸ ಹೊದಿಕೆ ತೊಡಿಸಿ ಮಾರುವವರಿದ್ದಾರೆ. ಬೇರೆಬೇರೆ ವಯಸ್ಸಿನ ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ ದುರ್ಬಲವಾದದ್ದು ಮೊದಲು ಬರಿದಾಗುತ್ತದೆ, ಚಾರ್ಜ್ ಮಾಡುವಾಗ ಮೊದಲು ಉಕ್ಕುತ್ತದೆ. ಬೆಂಕಿ ಹುಟ್ಟುವುದು ಅಲ್ಲಿಂದ. ಪ್ರತಿ ಸೆಲ್ ಸಾಲಿನ ವೋಲ್ಟೇಜ್ ಕಾಯುವ ಬಿಎಂಎಸ್ ಎಂಬ ರಕ್ಷಣಾ ಸರ್ಕ್ಯೂಟ್ ಇಲ್ಲದ ಪ್ಯಾಕನ್ನು ಯಾವ ಬೆಲೆಗೂ ಕೊಳ್ಳಬಾರದು. ದೇಶದಲ್ಲಿ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಘಟನೆಗಳಾದ ಮೇಲೆ 2022ರಲ್ಲಿ ಸರ್ಕಾರ ದ್ವಿಚಕ್ರ ವಾಹನಗಳ ಬ್ಯಾಟರಿಗೆ ಅನ್ವಯಿಸುವ ಎಐಎಸ್-156 ಮಾನದಂಡವನ್ನು ಬಿಗಿಗೊಳಿಸಿತು. ಮನೆಯಲ್ಲಿ ಕಟ್ಟುವ ಸೈಕಲ್ಲಿಗೂ ಅದೇ ಮಟ್ಟದ ಪ್ಯಾಕನ್ನೇ ಕೇಳಿ ಪಡೆಯುವುದು ಒಳ್ಳೆಯದು. ಬಿಸಿಲಿನಲ್ಲಿ ಓಡಿಬಂದ ಬ್ಯಾಟರಿಯನ್ನು ತಣ್ಣಗಾಗಲು ಬಿಟ್ಟು, ಅದಕ್ಕೆಂದೇ ಮಾಡಿದ ಚಾರ್ಜರಿನಿಂದ, ಮಲಗುವ ಕೋಣೆಯಿಂದಾಚೆ, ಕಣ್ಣಳತೆಯಲ್ಲಿ ಚಾರ್ಜ್ ಮಾಡಬೇಕು. ದಿನಬಳಕೆಯಲ್ಲಿ ನೂರಕ್ಕೆ ನೂರು ತುಂಬಿಸದೆ 90ರಲ್ಲೇ ನಿಲ್ಲಿಸಿದರೆ ಎನ್‌ಎಂಸಿ ಸೆಲ್‌ಗಳ ಬಾಳಿಕೆ ಗಮನಾರ್ಹವಾಗಿ ಹೆಚ್ಚುತ್ತದೆ.

ದಿನಕ್ಕೆ 30–40 ಕಿಲೋಮೀಟರ್ ಓಡುವವರಿಗೆ 250 ವ್ಯಾಟ್‌ನ ಗೇರ್ ಹಬ್ ಮೋಟರ್, 36 ವೋಲ್ಟಿನ 10ರಿಂದ 15 ಆಂಪಿಯರ್-ಅವರ್ ಪ್ಯಾಕ್, ಒಳ್ಳೆಯ ಬ್ರೇಕು ಮತ್ತು ತುಳಿಯುವ ಮನಸ್ಸು ಸಾಕು. ಗಂಟೆಗೆ 45 ಕಿಲೋಮೀಟರ್ ಬೇಕೇಬೇಕು ಎನ್ನುವವರು ಸೈಕಲ್ಲಿನ ಫ್ರೇಮಿಗೂ ಬ್ರೇಕಿಗೂ ಆ ವೇಗವನ್ನು ಹೇರದೆ, ಅದಕ್ಕೆಂದೇ ಕಟ್ಟಿ ನೋಂದಣಿ ಮಾಡಿಸಿದ ವಿದ್ಯುತ್ ಸ್ಕೂಟರನ್ನು ಕೊಳ್ಳುವುದೇ ಸರಿ.